ಕಲ್ಲುಕುಟಿಗನ ಹೆಸರು ಉಳಿಸಿಕೊಂಡ ಊರು

(ನಗರದ ಕನ್ನಡ ಯುವಕ–ಯುವತಿಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ಕೊರಿಯಾ ಅಂದಕೂಡಲೇ ನಿಮಗೆ ಏನು ನೆನಪಾಗುತ್ತದೆ? ಜೇಬಿನಲ್ಲಿರುವ ಫೋನು, ಮನೆಯ ಫ್ರಿಜ್ಜು, ರಸ್ತೆಯ ಮೇಲೆ ಓಡುವ ಕಾರು, ನಿಮ್ಮ ತಂಗಿ ಗುನುಗುವ ಹಾಡು. ತಪ್ಪೇನಿಲ್ಲ. ನಾನು ಇವತ್ತು ಹೇಳಹೊರಟಿರುವ ಊರಿನಲ್ಲೇ ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಕೇಂದ್ರ ಕಚೇರಿ ಇದೆ. ಊರಿನ ಹೆಸರು ಸುವೊನ್. ರಾಜಧಾನಿ ಸೋಲ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್. ಮೆಟ್ರೋ ಹತ್ತಿದರೆ ಒಂದು ಗಂಟೆ. ಹತ್ತಿರ ಹತ್ತಿರ 12 ಲಕ್ಷ ಜನರಿರುವ ಊರು. ಆದರೆ ನಾನು ಅಲ್ಲಿಗೆ ಹೋದದ್ದು ಫೋನು ನೋಡಲಿಕ್ಕಲ್ಲ. ಒಂದು ಕೋಟೆ ನೋಡಲಿಕ್ಕೆ. ಕೋಟೆ ನೋಡಲು ಹೋದವನು ಒಂದು ಲೆಕ್ಕದ ಪುಸ್ತಕ ನೋಡಿಕೊಂಡು ಬಂದೆ. ಆ ಪುಸ್ತಕದ ಕತೆಯೇ ಇವತ್ತಿನ ಮಾತು.

ಸುವೊನ್ ನಡುವೆ ಹ್ವಾಸೊಂಗ್ ಎಂಬ ಕೋಟೆ ಇದೆ. ಸುತ್ತಳತೆ 5.7 ಕಿಲೋಮೀಟರ್. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಕಟ್ಟಿದ್ದು 1794ರಿಂದ 1796ರವರೆಗೆ. ಹತ್ತು ವರ್ಷ ಹಿಡಿಯುತ್ತದೆ ಅಂದುಕೊಂಡಿದ್ದ ಕೆಲಸ ಮೂರು ವರ್ಷ ತುಂಬುವ ಮೊದಲೇ ಮುಗಿಯಿತು. ಜೊಂಗ್ ಯಾಕ್‌ಯೊಂಗ್ ಎಂಬ ವಿದ್ವಾಂಸ ನಕ್ಷೆಯ ರೂಪುರೇಷೆ ಹಾಕಿದ. ಭಾರವಾದ ಕಲ್ಲು ಎತ್ತಲು ರಾಟೆಗಳನ್ನು ಜೋಡಿಸಿದ ಯಂತ್ರವನ್ನೂ ಯೋಚಿಸಿ ಕೊಟ್ಟ. ಇನ್ನೊಂದು ದೊಡ್ಡ ವಿಷಯ ನೆನಪಿಡಿ: ಇಲ್ಲಿ ಬಿಟ್ಟಿ ದುಡಿಮೆ ಇರಲಿಲ್ಲ. ಕಲ್ಲು ಹೊತ್ತವನಿಗೆ, ಮರ ಕೆತ್ತಿದವನಿಗೆ, ಗಾರೆ ಮೆತ್ತಿದವನಿಗೆ ಕೂಲಿ ಸಂದಿತು. ಅರ್ಧ ದಿನ ದುಡಿದಿದ್ದರೆ ಅರ್ಧ ದಿನದ ಕೂಲಿ. ಬೇಸಿಗೆಯ ಬಿಸಿಲಿಗೆ ಕೆಲಸಗಾರರು ಬಸವಳಿದಾಗ ದೊರೆ ಔಷಧಿಯ ಗುಳಿಗೆ ಹಂಚಿಸಿದ.

ದೊರೆಯ ಹೆಸರು ಜೊಂಗ್‌ಜೊ. ಈ ಕೋಟೆಯ ಹಿಂದೆ ಅವನ ಮನೆಯದೇ ಒಂದು ದೊಡ್ಡ ನೋವು ಇದೆ. ಅವನ ತಂದೆ ಯುವರಾಜ ಸಾದೊ. 1762ರಲ್ಲಿ ಅಜ್ಜ ದೊರೆಯೇ ತನ್ನ ಮಗ ಸಾದೊನನ್ನು ಅಕ್ಕಿ ತುಂಬುವ ಮರದ ಪೆಟ್ಟಿಗೆಯಲ್ಲಿ ಕೂಡಿಹಾಕಿಸಿದ. ಎಂಟು ದಿನ. ಒಳಗೇ ಪ್ರಾಣ ಹೋಯಿತು. ಆಗ ಜೊಂಗ್‌ಜೊ ಹತ್ತು ವರ್ಷವೂ ತುಂಬದ ಹುಡುಗ. ಮುಂದೆ ಅವನು ದೊರೆಯಾದ ಮೇಲೆ, 1789ರಲ್ಲಿ, ತಂದೆಯ ಸಮಾಧಿಯನ್ನು ಸುವೊನ್ ಸೀಮೆಯ ಬೆಟ್ಟದ ತಪ್ಪಲಿಗೆ ತಂದ. ಅಲ್ಲಿದ್ದ ಊರಿನ ಜನಕ್ಕೆ ಪರಿಹಾರ ಕೊಟ್ಟು ಈಗಿನ ಸುವೊನ್ ಇರುವ ಜಾಗದಲ್ಲಿ ಹೊಸ ಊರು ಕಟ್ಟಿಸಿದ. ಆ ಊರಿಗೆ ಕೋಟೆ ಹಾಕಿಸಿದ. 1795ರಲ್ಲಿ ತಾಯಿಯ ಅರವತ್ತನೆಯ ಹುಟ್ಟುಹಬ್ಬಕ್ಕೆ ಅವಳನ್ನು ಎಂಟು ದಿನದ ಮೆರವಣಿಗೆಯಲ್ಲಿ ಇಲ್ಲಿಗೆ ಕರೆತಂದ. ಸತ್ತ ತಂದೆ ಬದುಕಿದ್ದಿದ್ದರೆ ಅವನಿಗೂ ಅದೇ ವರ್ಷ ಅರವತ್ತು.

ನಾನು ಆ ಸಮಾಧಿಗೂ ಹೋಗಿದ್ದೆ. ಸುವೊನ್‌ನ ಹೊರವಲಯದಲ್ಲಿ, ಪೈನ್ ಮರಗಳ ನಡುವೆ ಹುಲ್ಲು ಬೆಳೆದ ದಿಬ್ಬ. ಗಂಡ ಹೆಂಡತಿ ಒಂದೇ ದಿಬ್ಬದಡಿ ಮಲಗಿದ್ದಾರೆ. ಪಕ್ಕದಲ್ಲೇ ಮಗನ ದಿಬ್ಬ. ತಂದೆಯ ನೆನಪಿಗೆ ಮಗ 1790ರಲ್ಲಿ ಮತ್ತೆ ಕಟ್ಟಿಸಿದ ಯೊಂಗ್‌ಜುಸಾ ಎಂಬ ಬೌದ್ಧ ಗುಡಿಯೂ ಅಲ್ಲೇ ಹತ್ತಿರ. ಒಂದು ಮನೆತನದ ಕಣ್ಣೀರನ್ನೆಲ್ಲ ಅರ್ಧ ದಿನದಲ್ಲಿ ನಡೆದು ನೋಡಿಬಿಡಬಹುದು.

ಈಗ ಲೆಕ್ಕದ ಪುಸ್ತಕಕ್ಕೆ ಬರೋಣ.

ಕೋಟೆ ಕಟ್ಟಿ ಮುಗಿದ ಮೇಲೆ ಅದರ ಪೂರ್ತಿ ದಾಖಲೆ ಮಾಡಿಸಿದರು. ಇಂಥ ದಾಖಲೆಗೆ ಅವರು ಉಯಿಗ್ವೆ ಅನ್ನುತ್ತಾರೆ. ದೊರೆ 1800ರಲ್ಲಿ ತೀರಿಕೊಂಡ. 1801ರಲ್ಲಿ ಲೋಹದ ಅಚ್ಚುಮೊಳೆಗಳಲ್ಲಿ ಪುಸ್ತಕ ಅಚ್ಚಾಯಿತು. ಅದರಲ್ಲಿ ಏನಿಲ್ಲ ಹೇಳಿ? ಒಂದೊಂದು ಬಾಗಿಲಿನ ಚಿತ್ರ, ಒಂದೊಂದು ಬುರುಜಿನ ಅಳತೆ, ಎಷ್ಟು ಇಟ್ಟಿಗೆ, ಎಷ್ಟು ಮರ, ಎಷ್ಟು ಕಬ್ಬಿಣ. ಒಟ್ಟು ಖರ್ಚು 8 ಲಕ್ಷ 70 ಸಾವಿರ ನ್ಯಾಂಗ್‌ಗೂ ಹೆಚ್ಚು. ಅದಕ್ಕಿಂತ ಮುಖ್ಯವಾಗಿ ಕೆಲಸ ಮಾಡಿದ ಕಸುಬುದಾರರ ಹೆಸರುಗಳು. ನೂರಲ್ಲ, ಸಾವಿರಕ್ಕೂ ಹೆಚ್ಚು. ಯಾವ ಊರಿನವನು, ಯಾವ ಕಸುಬು, ಎಷ್ಟು ದಿನ ದುಡಿದ, ಎಲ್ಲ ಇದೆ.

ಇದರಿಂದ ಏನಾಯಿತು ಅಂತ ಕೇಳಿ. ಜಪಾನಿನವರು ಕೊರಿಯಾವನ್ನು ಆಳಿದಾಗ ಕೋಟೆಯೊಳಗಿನ ಅರಮನೆ ಹಾಳಾಯಿತು. ಅಲ್ಲಿ ಆಸ್ಪತ್ರೆ ಎದ್ದಿತು, ಶಾಲೆ ಎದ್ದಿತು. 1950ರಿಂದ 1953ರ ಯುದ್ಧದಲ್ಲಿ ಬಾಂಬು ಬಿದ್ದು ಉತ್ತರದ ಜಾಂಗಾನ್‌ಮುನ್ ಬಾಗಿಲಿನ ಮೇಲುಮಾಳಿಗೆ ಹಾರಿಹೋಯಿತು. ಆ ಬಾಗಿಲ ಕಲ್ಲಿನ ಮೇಲೆ ಗುಂಡು ಬಿದ್ದ ಕಲೆಗಳನ್ನು ಈಗಲೂ ಮುಟ್ಟಿ ನೋಡಬಹುದು. ಎಷ್ಟೋ ಕಡೆ ಗೋಡೆ ಕುಸಿಯಿತು. ಯುದ್ಧ ಮುಗಿದಾಗ ಅದು ಹೊಟ್ಟೆಗಿಲ್ಲದ ದೇಶ. ಕೋಟೆ ಯಾರಿಗೆ ಬೇಕು?

ಅವರಿಗೆ ಬೇಕಿತ್ತು. 1975ರಿಂದ 1979ರವರೆಗೆ ಆ ಪುಸ್ತಕ ಮುಂದಿಟ್ಟುಕೊಂಡು ಕೋಟೆಯನ್ನು ಮತ್ತೆ ಎಬ್ಬಿಸಿದರು. ಅಂದಾಜಿನಲ್ಲಲ್ಲ, ಅಳತೆ ನೋಡಿಕೊಂಡು! 1997ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಷ್ಟೋ ಭಾಗ ಹೊಸದಾಗಿ ಕಟ್ಟಿದ ಕೋಟೆಗೆ ಆ ಗೌರವ ಸಿಕ್ಕಲು ದೊಡ್ಡ ಬಲ ಆ ಪುಸ್ತಕವೇ. 2006ರಲ್ಲಿ ಕುಡಿದವನೊಬ್ಬ ಬೆಟ್ಟದ ನೆತ್ತಿಯ ದಂಡನಾಯಕನ ಮಂಟಪಕ್ಕೆ ಬೆಂಕಿಯಿಟ್ಟ. ಅದನ್ನೂ ಮತ್ತೆ ಕಟ್ಟಿದರು.

ಅರಮನೆಯ ಕತೆ ನೀವು ಕೇಳಲೇಬೇಕು. 1989ರಲ್ಲಿ ಆ ಊರಿನ ಜನ ಸೇರಿ ಅರಮನೆ ಮತ್ತೆ ಕಟ್ಟಬೇಕು ಎಂದು ಸಮಿತಿ ಮಾಡಿಕೊಂಡರು. ಆಸ್ಪತ್ರೆ ಜಾಗ ಬಿಟ್ಟಿತು. ಮೊದಲ ಹಂತ ಮುಗಿದು 2003ರಲ್ಲಿ ಅರಮನೆ ಬಾಗಿಲು ತೆರೆಯಿತು. ಉಳಿದದ್ದು ಪೂರ್ತಿಯಾದದ್ದು 2024ರಲ್ಲಿ. ಲೆಕ್ಕ ಹಾಕಿ, 35 ವರ್ಷ! ಮೂರು ದಿನ ಕೂಗಿ ನಾಲ್ಕನೆಯ ದಿನ ಮನೆಗೆ ಹೋಗುವ ನಮ್ಮಂಥವರಿಗೆ ಇದು ಪಾಠ.

ನಾನು ಗೋಡೆಯ ಮೇಲೆ ಪೂರ್ತಿ ಒಂದು ಸುತ್ತು ನಡೆದೆ. ಹ್ವಾಹೊಂಗ್‌ಮುನ್ ಎಂಬಲ್ಲಿ ಊರ ಹೊಳೆ ಏಳು ಕಮಾನುಗಳ ಕೆಳಗೆ ಕೋಟೆಯೊಳಗೆ ಬರುತ್ತದೆ. ಮೇಲೆ ಮಂಟಪ, ಕೆಳಗೆ ನೀರಿನ ಸದ್ದು, ಮೆಟ್ಟಿಲ ಮೇಲೆ ಕಾಲೇಜು ಹುಡುಗರ ಹರಟೆ. ಪೂರ್ವಕ್ಕೆ ಹೊಗೆ ಎಬ್ಬಿಸಿ ಸುದ್ದಿ ಕಳಿಸುವ ಐದು ಗೂಡುಗಳ ಬುರುಜು. ದಕ್ಷಿಣದ ಪಾಲ್ದಾಲ್‌ಮುನ್ ಬಾಗಿಲು ಮಾತ್ರ ಒಂಟಿ. ಅದರ ಎರಡೂ ಪಕ್ಕದ ಗೋಡೆ ಇಲ್ಲ. ಸುತ್ತ ಬಸ್ಸು, ಕಾರು, ಸಂತೆ. ಅದರ ನಡುವೆ ನಡುಗಡ್ಡೆಯ ಹಾಗೆ ನಿಂತಿದೆ. ಅದನ್ನು ನೋಡಿದಾಗ ನನಗೆ ಬೆಂಗಳೂರಿನ ಮಾರುಕಟ್ಟೆಯ ಪಕ್ಕ ಉಳಿದಿರುವ ಕೋಟೆಯ ಚೂರು ನೆನಪಾಯಿತು. ದಿನಾ ಅದರ ಮುಂದೆ ಬಸ್ಸಿನಲ್ಲಿ ಹೋಗುವ ನಮ್ಮಲ್ಲಿ ಎಷ್ಟು ಜನ ಒಳಗೆ ಕಾಲಿಟ್ಟಿದ್ದೇವೆ?

ಆ ಪಾಲ್ದಾಲ್‌ಮುನ್ ಬಾಗಿಲ ಗೋಡೆಯ ಮೇಲೆ, ಅದನ್ನು ಕಟ್ಟಿಸಿದ ಮೇಲ್ವಿಚಾರಕರ ಜೊತೆಗೆ ಕಲ್ಲುಕುಟಿಗನ ಹೆಸರೂ ಕೆತ್ತಿದೆ. ಕೆಲಸ ಕೆಟ್ಟರೆ ಯಾರನ್ನು ಕೇಳಬೇಕು ಅಂತ ಗೊತ್ತಾಗಲಿ ಎಂದು. ಚೆನ್ನಾಗಿದ್ದರೆ ಯಾರನ್ನು ಹೊಗಳಬೇಕು ಅಂತಲೂ ಗೊತ್ತಾಯಿತಲ್ಲ!

ಹತ್ತಿರದಲ್ಲೇ ಕೋಟೆಯ ಮ್ಯೂಸಿಯಂ ಇದೆ. ಅಲ್ಲಿ ನಮಗೆ ವಿವರಿಸಿದ ಹೆಂಗಸು ಪುಸ್ತಕದೊಳಗಿನ ಹೆಸರುಗಳ ಬಗ್ಗೆ ಒಂದು ಮಾತು ಹೇಳಿದರು. ಕೂಲಿಕಾರರಲ್ಲಿ ಕುನ್‌ನೋಮಿ, ಜಾಗುನ್‌ನೋಮಿ ಎಂಬಂಥ ಹೆಸರುಗಳಿವೆ. ಅರ್ಥ ಕೇಳಿದೆ. ‘ದೊಡ್ಡೋನು’, ‘ಚಿಕ್ಕೋನು’ ಅಂದರು. ನನಗೆ ನಗು ಬಂತು, ಆಮೇಲೆ ಕಣ್ಣು ತುಂಬಿತು. ನಮ್ಮ ಹಳ್ಳಿಗಳಲ್ಲಿ ದೊಡ್ಡಯ್ಯ, ಸಣ್ಣಯ್ಯ ಅಂತ ಹೆಸರಿಡುವುದಿಲ್ಲವೆ? ನನ್ನ ಅಜ್ಜನದೂ ಅಂಥದೇ ಹೆಸರು.

ಅವರು ಇನ್ನೂ ಒಂದು ವಿಷಯ ಹೇಳಿದರು. ಕೊರಿಯಾದವರಿಗೆ ಆಗಲೇ ತಮ್ಮದೇ ಲಿಪಿ ಇತ್ತು. ಸೆಜೊಂಗ್ ದೊರೆ 1443ರಲ್ಲಿ ರೂಪಿಸಿ, 1446ರಲ್ಲಿ ಜನರ ಕೈಗೆ ಕೊಟ್ಟ ಲಿಪಿ. ಅದನ್ನೇ ಈಗ ಹಂಗುಲ್ ಅನ್ನುತ್ತಾರೆ. ಆದರೂ 350 ವರ್ಷ ಕಳೆದ ಮೇಲೂ ಆಸ್ಥಾನದ ಲೆಕ್ಕ ಚೀನಿ ಅಕ್ಷರದಲ್ಲೇ ಬರೆಯಬೇಕಿತ್ತು. ‘ದೊಡ್ಡೋನು’ ಎಂಬ ಅಪ್ಪಟ ಕೊರಿಯಾ ಹೆಸರನ್ನು ಗುಮಾಸ್ತ ಹೇಗೆ ಬರೆದ ಗೊತ್ತೆ? ‘ದೊಡ್ಡ’ ಎಂಬ ಅರ್ಥದ ಒಂದು ಅಕ್ಷರ, ಆಮೇಲೆ ಬರೀ ಸದ್ದಿಗಾಗಿ ‘ಮುದಿ’ ಮತ್ತು ‘ರುಚಿ’ ಎಂಬ ಅರ್ಥದ ಎರಡು ಅಕ್ಷರ. ದೊಡ್ಡ, ಮುದಿ, ರುಚಿ! ಇದು ಒಬ್ಬ ಕಲ್ಲುಕುಟಿಗನ ಹೆಸರು! ತನ್ನ ಹೆಸರನ್ನು ತಾನೇ ಓದಿಕೊಳ್ಳಬಹುದಾದ ಸುಲಭದ ಲಿಪಿ ಮನೆಯಲ್ಲೇ ಇದ್ದರೂ, ಪುಸ್ತಕದಲ್ಲಿ ಅವನು ತನಗೇ ಗುರುತು ಸಿಗದ ವೇಷದಲ್ಲಿ ಕೂತಿದ್ದಾನೆ.

ಆ ಹೊತ್ತಿಗೆ ಹಂಗುಲ್ ಎಲ್ಲಿತ್ತು? ಹೆಂಗಸರ ಕೈಯಲ್ಲಿತ್ತು, ಬಡವರ ಕೈಯಲ್ಲಿತ್ತು. ಜೊಂಗ್‌ಜೊನ ತಾಯಿ ಹ್ಯೆಗ್ಯೊಂಗ್ ತನ್ನ ಬದುಕಿನ ಕತೆಯನ್ನು ಹಂಗುಲ್‌ನಲ್ಲೇ ಬರೆದಳು. ಇಲ್ಲಿದೆ ನೋಡಿ ಸೋಜಿಗ. ಇಷ್ಟು ಕಟ್ಟುನಿಟ್ಟಾಗಿ ಕೋಟೆಯ ಲೆಕ್ಕ ಬರೆಸಿದ ದೊರೆ, 1776ರಲ್ಲಿ ತನ್ನ ತಂದೆಯ ಸಾವಿನ ವಿವರವನ್ನು ಆಸ್ಥಾನದ ದಿನಚರಿಯಿಂದ ತೊಳೆಸಿಹಾಕಿದ್ದ. ಆಸ್ಥಾನದ ಚೀನಿ ಅಕ್ಷರದ ಹಾಳೆ ಬರಿದಾಯಿತು. 1805ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಆ ತಾಯಿ ಪೆಟ್ಟಿಗೆಯ ಕತೆಯನ್ನು ತನ್ನ ಮನೆಮಾತಿನ ಲಿಪಿಯಲ್ಲಿ ಬರೆದಿಟ್ಟಳು. ಇವತ್ತು ಲೋಕಕ್ಕೆ ಆ ದುಃಖ ಒಳಗಿನಿಂದ ಗೊತ್ತಿರುವುದು ಅವಳ ಬರಹದಿಂದ. ಅರಮನೆ ಅಳಿಸಿದ್ದನ್ನು ತಾಯಿನುಡಿ ಉಳಿಸಿತು!

ಹಂಗುಲ್ ಸರ್ಕಾರಿ ಕಾಗದಕ್ಕೆ ಏರಿದ್ದು 1894ರಲ್ಲಿ. ಅದಾದ ಮೇಲೂ ಜಪಾನಿನ ಆಳ್ವಿಕೆಯಲ್ಲಿ ಶಾಲೆಯಿಂದ ಕೊರಿಯಾ ನುಡಿಯನ್ನು ದೂಡಿದರು. 1940ರಲ್ಲಿ ಹೆಸರನ್ನೇ ಜಪಾನಿ ಮಾಡಿಕೊಳ್ಳಿ ಎಂದು ಒತ್ತಾಯಿಸಿದರು. ಅದನ್ನೆಲ್ಲ ದಾಟಿ ಬಂದ ಜನ ಅವರು. ಇವತ್ತು ಸುವೊನ್‌ನ ಸಂತೆಯಲ್ಲಿ ಅಕ್ಕಿಹಿಟ್ಟಿನ ಕಡುಬು ಮಾರುವ ಅಜ್ಜಿಯ ಬೋರ್ಡಿನಿಂದ ಹಿಡಿದು ದೊಡ್ಡ ಕಂಪನಿಯ ಗೇಟಿನವರೆಗೆ ಹಂಗುಲ್ ಇದೆ. ಇಂಗ್ಲಿಷೂ ಇದೆ, ಬೇಡ ಅಂದಿಲ್ಲ. ಅದು ನನ್ನಂಥ ಪರದೇಶಿಗೆ ದಾರಿ ತೋರಲು. ತಮ್ಮ ತಮ್ಮಲ್ಲಿ ಲೆಕ್ಕ ಬರೆಯಲಿಕ್ಕಲ್ಲ.

ಗೆಳೆಯರೇ, ನನ್ನ ಅಜ್ಜನೂ ಕಲ್ಲು ಕೆಲಸದವನು. ಒಂದು ದೊಡ್ಡ ಅಣೆಕಟ್ಟಿನಲ್ಲಿ ವರ್ಷಗಟ್ಟಲೆ ಉಳಿ ಹಿಡಿದವನು. ಅವನ ಹಾಜರಿ ಇಂಗ್ಲಿಷಿನಲ್ಲಿ. ಅದರ ಮುಂದೆ ಅವನದು ಹೆಬ್ಬೆಟ್ಟು. ಏನು ಬರೆದಿದ್ದಾರೆ, ಎಷ್ಟು ದಿನ ಹಾಕಿದ್ದಾರೆ, ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅವನು ತೀರಿಕೊಂಡಾಗ ಯಾವ ಗೋಡೆ ಅವನು ಕಟ್ಟಿದ್ದು ಎಂದು ಹೇಳುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ತಪ್ಪು ನನ್ನದೇ.

ನಮ್ಮಲ್ಲಿ ಹಿಂದೆ ಹೀಗಿರಲಿಲ್ಲ ಅನ್ನುವುದೂ ನೆನಪಿರಲಿ. ಬೇಲೂರಿಗೆ ಹೋದರೆ ಶಿಲ್ಪದ ಪೀಠ ನೋಡಿ. ದಾಸೋಜ, ಚಾವಣ ಎಂಬ ಶಿಲ್ಪಿಗಳ ಹೆಸರು ಕನ್ನಡದಲ್ಲೇ ಕೆತ್ತಿದೆ. ಹೊಯ್ಸಳರ ಬೇರೆ ಗುಡಿಗಳಲ್ಲಿ ಮಲ್ಲಿತಮ್ಮನ ಹೆಸರು ಸಿಗುತ್ತದೆ. ಸುವೊನ್ ಕೋಟೆಗಿಂತ 500–700 ವರ್ಷ ಹಿಂದೆಯೇ ನಮ್ಮ ಕಲ್ಲುಕುಟಿಗ ತನ್ನ ನುಡಿಯಲ್ಲಿ, ತನ್ನ ಲಿಪಿಯಲ್ಲಿ ‘ಇದು ನಾನು ಮಾಡಿದ್ದು’ ಅಂದಿದ್ದ. ಚೀನಿ ಅಕ್ಷರದ ವೇಷ ಅವನಿಗೆ ಬೇಕಾಗಿರಲಿಲ್ಲ. ಅವನ ಮೊಮ್ಮಕ್ಕಳಾದ ನಾವು ಹೆಬ್ಬೆಟ್ಟಿಗೆ ಇಳಿದದ್ದು ಯಾವಾಗ?

ನಾನು ನಿಮ್ಮಿಂದ ಕೇಳುವುದು ದೊಡ್ಡದೇನಲ್ಲ. ನಿಮ್ಮ ಜೇಬಿನ ಆ ಕೊರಿಯಾ ಫೋನಿನಲ್ಲಿ ಕನ್ನಡ ಕೀಲಿಮಣೆ ಇದೆ. ಈ ಭಾನುವಾರ ಅಜ್ಜಿಯ ಹತ್ತಿರ, ಪಕ್ಕದ ಮನೆಯ ಹಿರಿಯರ ಹತ್ತಿರ ಕೂತುಕೊಳ್ಳಿ. ಅವರು ಯಾವ ಕೆರೆ ತೋಡಿದರು, ಯಾವ ಕಟ್ಟಡಕ್ಕೆ ಗಾರೆ ಹೊತ್ತರು, ಯಾವ ಮಿಲ್ಲಿನಲ್ಲಿ ನೂಲು ತೆಗೆದರು, ಕೂಲಿ ಎಷ್ಟು, ಜೊತೆಗಿದ್ದವರು ಯಾರು, ಕೇಳಿ. ಹೆಸರು, ಊರು, ಕಸುಬು, ವರ್ಷ, ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡಿ. ಕಲ್ಲು ಬಿದ್ದರೆ ಬರಹ ನೋಡಿ ಮತ್ತೆ ಎಬ್ಬಿಸಬಹುದು ಎಂಬುದನ್ನು ಸುವೊನ್ ತೋರಿಸಿದೆ. ಬರಹವೇ ಇಲ್ಲದಿದ್ದರೆ ಏನನ್ನು ನೋಡಿ ಎಬ್ಬಿಸುತ್ತೀರಿ?

ನಾನು ಕೇಳಲು ಹೊರಟಾಗ ಅಜ್ಜ ಇರಲಿಲ್ಲ. ನಿಮ್ಮ ಮನೆಯಲ್ಲಿ ಇನ್ನೂ ಇದ್ದಾರೆ. ಹೋಗಿ ಕೇಳಿ.