ದೂರವಾಣಿಗೆ ಕಣ್ಣು ಬಂದಾಗ



1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯು ರೂಪಿಸಿದ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವು ಕೆಲಸಕ್ಕೆ ತೊಡಗಿತು. 128 ಸಂಪರ್ಕಗಳ ಆ ಪೆಟ್ಟಿಗೆಯೊಳಗೆ ಮಾತು ಅಂಕೆಗಳಾಗಿ ಸಾಗುತ್ತಿತ್ತು. ಮಾತೇ ಅಂಕೆಯಾದ ಮೇಲೆ, ಮುಖವೂ ಕಡತವೂ ಅಂಕೆಗಳಾಗಿ ಅದೇ ಹಾದಿಯಲ್ಲಿ ಬರಲು ಅಡ್ಡಿಯೇನು?

ಇಂದು ಕಚೇರಿಯ ದೂರವಾಣಿಯನ್ನು ಗಣಕಯಂತ್ರಕ್ಕೆ ಜೋಡಿಸಿದರೆ, ಕರೆದವರ ಸಂಖ್ಯೆಯನ್ನು ಹಿಡಿದು ಅದು ಅವರ ಕಡತವನ್ನು ತೆರೆದಿಡುತ್ತದೆ. ಬೇಕೆಂದರೆ ಮುಖವನ್ನೂ ತೋರಿಸುತ್ತದೆ. ಸಿ.ಎಸ್. ಪುರದ ಅಜ್ಜಿಯೊಬ್ಬರು ಪಿಂಚಣಿಯ ವಿಚಾರಕ್ಕೆ ಗುಬ್ಬಿಗೆ ಅಲೆಯುವುದು ತಪ್ಪೀತು. ಒಂದೇ ಕಷ್ಟವನ್ನು ನಾಲ್ಕು ಮೇಜುಗಳ ಮುಂದೆ ಹೇಳಿಕೊಳ್ಳುವುದೂ ತಪ್ಪೀತು.

2003ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದೇಶದಲ್ಲಿರುವ ಸಾಕ್ಷಿಯ ಹೇಳಿಕೆಯನ್ನು ವೀಡಿಯೋ ಸಂಪರ್ಕದ ಮೂಲಕ ಪಡೆಯಬಹುದೆಂದು ತೀರ್ಪಿತ್ತಿತು. ‘ಸಮ್ಮುಖ’ವೆಂಬ ಪದದ ಅರ್ಥ ಅಂದು ಹಿಗ್ಗಿತು. ಆದರೆ ತೆರೆಯ ಮೇಲೆ ಮುಖ ಮೂಡಿದೊಡನೆ ಎಲ್ಲವೂ ಆಯಿತೆನ್ನಲಾಗದು. ಅಜ್ಜಿ ಮೊಮ್ಮಗನ ಫೋನಿನಿಂದ ಕರೆದರೆ, ಗಣಕಯಂತ್ರವು ಮೊಮ್ಮಗನ ಕಡತವನ್ನೇ ತೆರೆದೀತು. ಸಂಖ್ಯೆಯನ್ನು ಅದು ಬಲ್ಲದು, ಮನುಷ್ಯರನ್ನು ಅರಿಯದು. ಆದುದರಿಂದ ಅತ್ತ ಕುಳಿತ ಗುಮಾಸ್ತರು ತೆರೆಯನ್ನು ಓದುವ ಮೊದಲು, “ತಾಯೀ, ತಮ್ಮ ಹೆಸರೇನು?” ಎಂದು ಕೇಳಲಿ, ಉತ್ತರ ಮುಗಿಯುವವರೆಗೆ ಕಾಯಲಿ.