ಮಳೆಯಲ್ಲಿ ಎಂಟಿಬಿ: ಶಿಕಾರಿಪುರದ ದಾರಿಯೋ, ಸೊರಬದ ದಾರಿಯೋ?

ಇವತ್ತಿನ ಸಂಚಿಕೆ ಪೂರ್ತಿ ಒಂದೇ ಪ್ರಶ್ನೆ ಮೇಲೆ. ದಾವಣಗೆರೆಯಿಂದ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ನಾಲ್ಕು ಜನ ಗೆಳೆಯರು, ನಾಲ್ವರ ಹತ್ರಾನೂ ಎಂಟಿಬಿ ಇದೆ, ಅಂದ್ರೆ ದಪ್ಪ ಟೈರಿನ ಮೌಂಟೇನ್ ಬೈಕ್. ಸೆಪ್ಟೆಂಬರ್ ಕೊನೆಗೆ ಎರಡು ದಿನ ರಜೆ. "ಚಂದ್ರಗುತ್ತಿ ಸುತ್ತ ಕಾಡಿನ ದಾರಿಯಲ್ಲಿ ಓಡಿಸಬೇಕು ಅಂತ ಆಸೆ. ಮ್ಯಾಪ್‌ನಲ್ಲಿ ಒಂದು ಚುಕ್ಕಿ ಗೆರೆ ಕಾಣಿಸ್ತಿದೆ. ಮಳೆ ಇದ್ರೂ ಹೋಗಬಹುದಾ?" ಅಂತ ಕೇಳಿದ್ದಾರೆ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಆ ಚುಕ್ಕಿ ಗೆರೆ ಬೇಡ. ಹಾಗಂತ ಬರಲೇಬೇಡಿ ಅಂತಲ್ಲ. ಖಂಡಿತ ಬನ್ನಿ. ಆದ್ರೆ ನಮ್ಮ ಕಡೆ ಮಳೆಗಾಲದ ದಾರಿಯನ್ನ ಮ್ಯಾಪ್ ನೋಡಿ ಆರಿಸೋಕಾಗಲ್ಲ, ನೀರು ನೋಡಿ ಆರಿಸಬೇಕು. ಯಾಕೆ ಅಂತ ಹೇಳ್ತೀನಿ.

ಶಿಕಾರಿಪುರ, ಸೊರಬ ಎರಡೂ ಅಕ್ಕಪಕ್ಕದ ತಾಲ್ಲೂಕು. ಆದ್ರೆ ನೆಲ ಒಂದೇ ಅಲ್ಲ. ಶಿಕಾರಿಪುರ ಅರೆಮಲೆನಾಡು. ಕುಮುದ್ವತಿ ಹೊಳೆ, ಅಂಜನಾಪುರ ಜಲಾಶಯ, ಅದರ ಸುತ್ತ ಭತ್ತ, ಮೆಕ್ಕೆಜೋಳ, ಅಡಕೆ. ಬಯಲು ಜಾಸ್ತಿ, ಗಾಳಿ ಬಿಸಿಲು ಬೀಳುತ್ತೆ, ಒಂದು ದಿನ ಮಳೆ ಬಿಟ್ರೆ ದಾರಿಯ ಮೇಲ್ಭಾಗ ಒಣಗಿರುತ್ತೆ. ಸೊರಬದಲ್ಲಿ ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚು, ಕಾಡು ಹೆಚ್ಚು. ದಂಡಾವತಿ, ವರದಾ ಎರಡೂ ಹೊಳೆ ಅಲ್ಲಿವೆ. ಮರದ ನೆರಳಲ್ಲಿರೋ ದಾರಿಗೆ ವಾರಗಟ್ಟಲೆ ಬಿಸಿಲೇ ತಾಗಲ್ಲ. ಆಕಾಶ ತಿಳಿಯಾಗಿದ್ರೂ ಕೆಳಗೆ ಪಿಚಪಿಚ ಅಂತಾನೇ ಇರುತ್ತೆ.

ಈಗ ಚುಕ್ಕಿ ಗೆರೆ ವಿಷಯ. ಉಪಗ್ರಹದ ಫೋಟೋ ಚೆನ್ನಾಗಿ ಬರೋದು ಮೋಡ ಇಲ್ಲದ ದಿನ, ಅಂದ್ರೆ ಹೆಚ್ಚಾಗಿ ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಕೆಂಪಗೆ, ನೇರವಾಗಿ, ಅಚ್ಚುಕಟ್ಟಾಗಿ ಕಾಣೋ ಆ ದಾರಿ ಹಳೇ ಗಾಡಿ ದಾರಿ ಆಗಿರಬಹುದು. ನೂರಾರು ವರ್ಷ ಎತ್ತಿನಗಾಡಿ ಓಡಿ, ದಾರಿ ಅಕ್ಕಪಕ್ಕದ ನೆಲಕ್ಕಿಂತ ಮೊಳ, ಎರಡು ಮೊಳ ಕೆಳಗೆ ಇಳಿದಿರುತ್ತೆ. ಎರಡೂ ಕಡೆ ಧರೆ, ನಡುವೆ ದಾರಿ. ಮಳೆ ಬಂತು ಅಂದ್ರೆ ಸುತ್ತಲಿನ ನೀರೆಲ್ಲ ಅದರೊಳಗೇ ಇಳಿಯುತ್ತೆ. ಮೇ ತಿಂಗಳಲ್ಲಿ ಅದು ದಾರಿ, ಜುಲೈನಲ್ಲಿ ಅದು ಹಳ್ಳ. ಆ್ಯಪ್‌ಗೆ ಇದು ಗೊತ್ತಾಗಲ್ಲ. ಊರಿನ ಮೂರನೇ ಕ್ಲಾಸ್ ಹುಡುಗನಿಗೆ ಗೊತ್ತಿರುತ್ತೆ.

ಹಾಗಾಗಿ ಹಿಂದಿನ ದಿನ ಸಂಜೆ ಆ ಊರಿನ ಚಹಾದಂಗಡಿಯಲ್ಲಿ ಕೂತು ಒಂದು ಪ್ರಶ್ನೆ ಕೇಳಿ. "ಯಜಮಾನ್ರೇ, ಈ ದಾರಿಯಲ್ಲಿ ಈಗ ಹಾಲಿನ ಕ್ಯಾನ್ ಇಟ್ಕೊಂಡು ಟಿವಿಎಸ್ ಹೋಗುತ್ತಾ?" ಇಷ್ಟೇ. "ಹೋಗುತ್ತೆ" ಅಂದ್ರೆ ನಿಮ್ಮ ಎಂಟಿಬಿ ಆರಾಮಾಗಿ ಹೋಗುತ್ತೆ. "ಇಲ್ಲಪ್ಪ, ಸುತ್ತು ಹಾಕಿ ಬರ್ತಾರೆ" ಅಂದ್ರೆ, ದಿನಾ ಡೇರಿಗೆ ಹಾಲು ಹಾಕೋ ಮನುಷ್ಯನೇ ಒಳದಾರಿ ಬಿಟ್ಟು ಸುತ್ತು ಹಾಕ್ತಿದ್ದಾನೆ ಅಂದ್ರೆ, ಅದಕ್ಕೆ ಕಾರಣ ಇದೆ. "ಸೈಕಲ್ ಹೋಗುತ್ತಾ?" ಅಂತ ಮಾತ್ರ ಕೇಳಬೇಡಿ. "ಸೈಕಲ್ ಎಲ್ಲಿ ಬೇಕಾದ್ರೂ ಹೋಗುತ್ತೆ" ಅಂತಾರೆ, ಯಾಕಂದ್ರೆ ಅವರು ಅದನ್ನ ಹೆಗಲ ಮೇಲೆ ಹೊತ್ತುಕೊಂಡೂ ದಾಟ್ತಾರೆ.

ಮಣ್ಣು ನೋಡೋದನ್ನೂ ಕಲೀಬೇಕು. ಜಂಬಿಟ್ಟಿಗೆ ಕಲ್ಲಿನ ಪುಡಿ, ಸಣ್ಣ ಕೆಂಪು ಹರಳು ಇರೋ ನೆಲ ನೀರು ಬಸಿಯುತ್ತೆ. ಅದು ಮಳೆಗಾಲದ ಗೆಳೆಯ. ಅದೇ ಜಂಬಿಟ್ಟಿಗೆ ಗಟ್ಟಿ ಹಾಸಾಗಿ ನೆರಳಲ್ಲಿದ್ರೆ ಪಾಚಿ ಕಟ್ಟಿರುತ್ತೆ, ಬ್ರೇಕ್ ಹಿಡಿದ ಕೂಡಲೇ ಹಿಂದಿನ ಚಕ್ರ ಜಾರುತ್ತೆ. ಜೇಡಿ ಮಣ್ಣು ಬೇರೆ ಥರ ಕಾಟ ಕೊಡುತ್ತೆ. ಟೈರಿಗೆ ಮೆತ್ತಿಕೊಂಡು, ಫ್ರೇಮ್ ಸಂದಿಯಲ್ಲಿ ತುಂಬಿಕೊಂಡು, ಚಕ್ರ ತಿರುಗೋದೇ ನಿಲ್ಲುತ್ತೆ. ಶಿಕಾರಿಪುರದಿಂದ ಉತ್ತರಕ್ಕೆ, ಹಿರೇಕೆರೂರು ಕಡೆ ಹೋದಂತೆ ಅಲ್ಲಲ್ಲಿ ಎರೆಮಣ್ಣೂ ಸಿಗುತ್ತೆ. ಅದರಲ್ಲಿ ಸಿಕ್ಕಿಕೊಂಡ್ರೆ ಒಂದು ಕಿಲೋಮೀಟರ್ ಅಂದ್ರೆ ಒಂದು ಗಂಟೆ. ಇನ್ನು ಅಕೇಶಿಯಾ ನೆಡುತೋಪು. ಫೋಟೋಗೆ ಚಂದ, ಆದ್ರೆ ಒದ್ದೆಯಾದ ಅಕೇಶಿಯಾ ಎಲೆ ಮೇಲೆ ತಿರುವು ತಗೊಂಡು ನೋಡಿ, ಸೋಪಿನ ಮೇಲೆ ಹೋದಂಗೆ.

ಇಲ್ಲಿ ಕೆಲವರು ನನ್ನ ಜೊತೆ ವಾದ ಮಾಡ್ತಾರೆ. "ಯೂಟ್ಯೂಬ್‌ನಲ್ಲಿ ವೇಲ್ಸ್ ವಿಡಿಯೋ ನೋಡಿ, ಅಲ್ಲೂ ವರ್ಷವಿಡೀ ಮಳೆ, ಗುಡ್ಡದ ಮೇಲಿಂದ ಹೆಂಗೆ ಇಳಿಸ್ತಾರೆ!" ನಿಜ. ಆದ್ರೆ ಅವರು ಯಾವ ನೆಲದ ಮೇಲೆ ಇಳಿಸ್ತಿದ್ದಾರೆ ಅಂತ ಸ್ವಲ್ಪ ನಿಲ್ಲಿಸಿ ನೋಡಿ. ಉತ್ತರ ವೇಲ್ಸ್‌ನ ಕೋಯ್ಡ್ ಅ ಬ್ರೆನಿನ್ ಕಾಡಿನಲ್ಲಿ 1990ರ ದಶಕದಲ್ಲೇ ಸೈಕಲ್‌ಗೆ ಅಂತಲೇ ದಾರಿ ಕಟ್ಟಿದ್ರು. ಕಲ್ಲು ಹಾಸಿ, ನೀರು ಪಕ್ಕಕ್ಕೆ ಹರಿಯೋ ಹಾಗೆ ಓರೆ ಕೊಟ್ಟು ಮಾಡಿದ ದಾರಿ. ಅಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಅಂತ ಬಣ್ಣದ ಗುರುತು ಹಾಕಿ ಯಾವ ದಾರಿ ಎಷ್ಟು ಕಷ್ಟ ಅಂತ ಮೊದಲೇ ಹೇಳ್ತಾರೆ. ಕಾನೂನೂ ಸ್ಪಷ್ಟ. ಕುದುರೆ ದಾರಿಗಳಲ್ಲಿ ಸೈಕಲ್ ಓಡಿಸೋ ಹಕ್ಕು 1968ರ ಕಾಯ್ದೆಯಿಂದ ಬಂದಿದೆ, ಬರೀ ಕಾಲುದಾರಿಯಲ್ಲಿ ಆ ಹಕ್ಕಿಲ್ಲ. ನಮ್ಮಲ್ಲಿ ಬಣ್ಣವೂ ಇಲ್ಲ, ಕಲ್ಲೂ ಹಾಸಿಲ್ಲ. ನಮ್ಮ ದಾರಿ ದನ ಹೋಗೋಕೆ, ಗೊಬ್ಬರ ಸಾಗಿಸೋಕೆ, ಮಕ್ಕಳು ಶಾಲೆಗೆ ಹೋಗೋಕೆ ಆಗಿದ್ದು. ನಾವು ಅದರ ಮೇಲೆ ನೆಂಟರು ಅಷ್ಟೇ.

ನೆಂಟರ ಥರ ನಡ್ಕೊಳ್ಳೋದು ಅಂದ್ರೆ ಏನು? ಗದ್ದೆ ಬದು ಮೇಲೆ ಸೈಕಲ್ ಓಡಿಸೋದು ಬೇಡವೇ ಬೇಡ. ಸೆಪ್ಟೆಂಬರ್‌ನಲ್ಲಿ ಗದ್ದೆ ತುಂಬ ನೀರಿರುತ್ತೆ, ಬದು ನೆನೆದು ಮೆತ್ತಗಿರುತ್ತೆ. ನಿಮ್ಮ ಟೈರಿನ ಒಂದು ಗೀರು ಸಾಕು, ರಾತ್ರಿ ಮಳೆಗೆ ಅಲ್ಲೇ ಒಡೆದು ಮೇಲಿನ ಗದ್ದೆ ನೀರು, ಹಾಕಿದ ಗೊಬ್ಬರ ಎಲ್ಲ ಕೆಳಗಿನ ಗದ್ದೆಗೆ. ಬೆಳಿಗ್ಗೆ ಎರಡು ಮನೆಯವರ ಜಗಳ, ನೀವು ಅಷ್ಟೊತ್ತಿಗೆ ದಾವಣಗೆರೆಯಲ್ಲಿ ಸ್ಟೇಟಸ್ ಹಾಕ್ತಿರ್ತೀರಿ. ಶುಂಠಿ ಹೊಲದ ಪಟ್ಟೆ ಸಾಲಿಗೂ ಇದೇ ಮಾತು. ಸೊರಬದ ಕಡೆ ದಾರಿಗೆ ಅಡ್ಡ ಬಿದಿರಿನ ಗಳ ಹಾಕಿರ್ತಾರೆ, ಉಣುಗೋಲು ಅಂತಾರೆ. ಗಳ ಸರಿಸಿ ದಾಟಿದ ಮೇಲೆ ವಾಪಸ್ ಹಾಕಿ. ನಾಲ್ವರಲ್ಲಿ ಕೊನೆಯವನ ಕೆಲಸ ಅದು ಅಂತ ಮೊದಲೇ ನಿಗದಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಎಲ್ಲರೂ ಹಿಂದಿನವನು ಹಾಕ್ತಾನೆ ಅಂದ್ಕೊಂಡು ಹೋಗ್ತಾರೆ, ಸಂಜೆಗೆ ದನ ಗದ್ದೆಯಲ್ಲಿರುತ್ತೆ. ತಂತಿ ಬೇಲಿ ಕಂಡ್ರೆ ಮುಟ್ಟೋಕೇ ಹೋಗಬೇಡಿ, ಹಂದಿ ಕಾಟಕ್ಕೆ ಕರೆಂಟ್ ಬಿಟ್ಟಿರಬಹುದು.

ನೀರು ದಾಟೋ ವಿಷಯದಲ್ಲಿ ನಾನು ತಮಾಷೆ ಮಾಡಲ್ಲ. ಹಳ್ಳಕ್ಕೆ ಅಡಕೆ ಮರ ಜೋಡಿಸಿ ಮಾಡಿದ ಸಂಕ ಇರುತ್ತೆ, ಅದರ ಮೇಲೆ ಸೈಕಲ್ ತುಳಿಯಬೇಡಿ, ಇಳಿದು ಒಬ್ಬೊಬ್ಬರೇ ನಡೀರಿ. ಕೆರೆ ಏರಿ ಮೇಲಿನ ದಾರಿ ಸಾಮಾನ್ಯವಾಗಿ ಗಟ್ಟಿ, ಆದ್ರೆ ಏರಿಯ ತುದಿಯಲ್ಲಿ ಕೋಡಿ ಇರುತ್ತೆ, ಅಂದ್ರೆ ತುಂಬಿದ ಕೆರೆ ನೀರು ಹೊರಗೆ ಬೀಳೋ ಜಾಗ. ಕೋಡಿ ಬಿದ್ದಿದ್ರೆ ಅಲ್ಲಿಂದಲೇ ವಾಪಸ್. ರಭಸದ ನೀರು 15 ಸೆಂಟಿಮೀಟರ್ ಇದ್ರೂ ನಿಂತ ದೊಡ್ಡವರನ್ನ ಬೀಳಿಸಬಲ್ಲದು, 30 ಸೆಂಟಿಮೀಟರ್ ಇದ್ರೆ ಸಣ್ಣ ಕಾರನ್ನೇ ತಳ್ಳುತ್ತೆ. ಸೈಕಲ್ ಹಿಡ್ಕೊಂಡು ನಿಂತ್ರೆ ಆ ಎರಡು ಚಕ್ರ ನೀರಿಗೆ ಇನ್ನೊಂದು ಹಿಡಿ ಕೊಟ್ಟಂಗೆ. ಹೋಗುವಾಗ ಮೊಣಕಾಲಿಗೂ ಬರದ ಹಳ್ಳ, ಮೇಲೆಲ್ಲೋ ಮಳೆ ಆದ್ರೆ ಬರುವಾಗ ಎದೆ ಮಟ್ಟ ಇರಬಹುದು. ಅದಕ್ಕೇ ನನ್ನ ಲೆಕ್ಕದಲ್ಲಿ ಮಳೆಗಾಲದ ಒಳ್ಳೆ ದಾರಿ ಅಂದ್ರೆ, ಹೋದ ದಾರಿ ಮುಚ್ಚಿದ್ರೆ ಹಳ್ಳ ದಾಟದೆ ಟಾರ್ ರಸ್ತೆಗೆ ಬರೋ ಇನ್ನೊಂದು ದಾರಿ ಇರಬೇಕು. ಅದಿಲ್ಲ ಅಂದ್ರೆ ಎಷ್ಟೇ ಚಂದ ಇದ್ರೂ ಆ ದಾರಿ ಬೇಡ.

"ಸರಿ, ಹಾಗಾದ್ರೆ ಮಳೆ ನಿಂತ ಮೇಲೆ, ಡಿಸೆಂಬರ್‌ನಲ್ಲಿ ಕಾಡಿಗೆ ಬರ್ತೀವಿ" ಅಂತ ಯೋಚನೆ ಮಾಡ್ತಿದ್ರೆ, ಅಲ್ಲೂ ಒಂದು ಮಾತಿದೆ. ಸೊರಬದ ಕಾಡು ಸಾಮಾನ್ಯ ಕಾಡಲ್ಲ. ಇಲ್ಲಿ ಕಾನು ಅಂತಾರೆ. ಊರವರು ದೇವರ ಹೆಸರಲ್ಲಿ, ನೀರಿಗೋಸ್ಕರ, ಕಾಳುಮೆಣಸಿಗೋಸ್ಕರ ಕಾಪಾಡಿಕೊಂಡು ಬಂದ ದಟ್ಟ ಹಸಿರು ಕಾಡಿನ ತುಂಡುಗಳು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನೋ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆ ವರದಿ ಬರೆದಾಗ 171 ಕಾನು ಲೆಕ್ಕಕ್ಕೆ ಸಿಕ್ಕಿದ್ವು. ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯೋಕೆ ಶುರುವಾದ್ವು. ಇವತ್ತು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇರೋ ಕ್ಯಾಸನೂರು ಕಾಡಿನ ಕಾಯಿಲೆ, ನಾವು ಮಂಗನ ಕಾಯಿಲೆ ಅಂತೀವಲ್ಲ, ಅದರ ಹೆಸರು ಬಂದಿದ್ದು ಇಲ್ಲಿಂದ. ಉಣ್ಣೆ ಅಂದ್ರೆ ಉಣುಗು ಕಚ್ಚಿ ಬರೋ ಕಾಯಿಲೆ. ಬಂದವರಲ್ಲಿ 100ಕ್ಕೆ 3ರಿಂದ 5 ಜನ ಸಾಯ್ತಾರೆ. ಮರಿ ಉಣ್ಣೆಗಳ ಕಾಟ ಮಳೆ ಮುಗಿದ ಮೇಲೆ, ನವೆಂಬರ್‌ನಿಂದ ಮೇವರೆಗೆ. ಅಂದ್ರೆ ದಾರಿ ಒಣಗಿ ಸೈಕಲ್‌ಗೆ ಹದವಾಗೋ ಹೊತ್ತಿಗೇ ಕಾಡಿನ ತರಗೆಲೆಯಲ್ಲಿ ಉಣ್ಣೆ ಎದ್ದಿರುತ್ತೆ. ಮಳೆಗಾಲದಲ್ಲಿ ಕಚ್ಚೋದು ಉಂಬಳ. ರಕ್ತ ಹೀರುತ್ತೆ, ಉಪ್ಪು ಹಾಕಿದ್ರೆ ಬೀಳುತ್ತೆ, ಅಷ್ಟೇ. ನನ್ನ ಕೇಳಿದ್ರೆ ಉಂಬಳವೇ ವಾಸಿ.

ಬೇಸಿಗೆಯಲ್ಲಿ ಬರಲೇಬೇಕು ಅಂದ್ರೆ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಹಂಚೋ ಡೇಪಾ ಎಣ್ಣೆ ಹಚ್ಚಿ, ತರಗೆಲೆ ಮೇಲೆ ಕೂರಬೇಡಿ. ಮಂಗ ಸತ್ತಿರೋ ಸುದ್ದಿ ಇದ್ರೆ ಆ ಕಡೆ ತಲೆ ಹಾಕಬೇಡಿ. ಯಾವ ಕಾಲವೇ ಆಗಲಿ, ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ತಪ್ಪು. ದನದ ದಾರಿ ಇದೆ ಅಂದ ಮಾತ್ರಕ್ಕೆ ನಮಗೂ ಹಕ್ಕಿದೆ ಅಂತಲ್ಲ. ವಲಯ ಅರಣ್ಯ ಅಧಿಕಾರಿ ಕಚೇರಿಯಲ್ಲಿ ಮೊದಲು ಕೇಳಿ.

ಸೈಕಲ್ ಬಗ್ಗೆ ಎರಡೇ ಮಾತು. ಟೈರಿನ ಗಾಳಿ ಟಾರ್ ರಸ್ತೆಗಿಂತ ಸ್ವಲ್ಪ ಕಮ್ಮಿ ಇರಲಿ, ಟ್ಯೂಬ್ ಇರೋ ದಪ್ಪ ಟೈರಿಗೆ 25ರಿಂದ 30 ಪಿಎಸ್‌ಐ ಸಾಕು. ರಿಮ್ ಬ್ರೇಕ್ ಇರೋ ಸೈಕಲ್ ಆದ್ರೆ ಇಳಿಜಾರು ಇರೋ ದಾರಿ ಆರಿಸಲೇಬೇಡಿ. ಕೆಂಪು ಮಣ್ಣಿನ ನೀರು ಉಪ್ಪುಕಾಗದದ ಥರ, ಒಂದೇ ದಿನದಲ್ಲಿ ಬ್ರೇಕ್ ರಬ್ಬರ್ ತಿಂದು ಹಾಕುತ್ತೆ.

ಈಗ ನಿಮ್ಮ ಎರಡು ದಿನಕ್ಕೆ ಬರೋಣ. ಸೆಪ್ಟೆಂಬರ್ ಕೊನೆ ಅಂದ್ರೆ ಉತ್ತರೆ ಮಳೆ ಮುಗಿದು ಹಸ್ತ ಹಿಡಿಯೋ ಹೊತ್ತು. ಬೆಳಿಗ್ಗೆ ಬಿಸಿಲು ಬಿದ್ದು ಮಧ್ಯಾಹ್ನದ ಮೇಲೆ ಗುಡುಗು ಬರೋದು ಜಾಸ್ತಿ. ಬೆಳಿಗ್ಗೆ ಆರಕ್ಕೆ ಹೊರಟು ಒಂದು ಗಂಟೆಯೊಳಗೆ ಮುಗಿಸೋ ಲೆಕ್ಕ ಇಟ್ಕೊಳ್ಳಿ. ಮೊದಲ ದಿನ ಶಿರಾಳಕೊಪ್ಪದಲ್ಲಿ ಇಳೀರಿ. ಅಲ್ಲಿಂದ ಬಳ್ಳಿಗಾವಿ, ತಾಳಗುಂದ ಎರಡೂ ಹತ್ತಿರ. ಊರಿಂದ ಊರಿಗೆ ಇರೋ ಹರಳು ಮಣ್ಣಿನ ಹೊಲದ ದಾರಿಗಳೇ ನಿಮಗೆ ಸಾಕಷ್ಟು. ಬೇಡ ಅನ್ನಿಸಿದ ಕಡೆ ಟಾರ್ ರಸ್ತೆಗೆ ಹತ್ತಬಹುದು. ಮಳೆ ಬಂದ್ರೆ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದ ಮಂಟಪದಲ್ಲಿ ಕೂತು ಕಾಯೋಕೂ ಜಾಗ ಇದೆ. ತಾಳಗುಂದದಲ್ಲಿ ಕದಂಬರ ಕಾಲದ ಶಾಸನ ಇರೋ ಕಂಬ ನೋಡದೆ ಬರಬೇಡಿ, ಮಯೂರಶರ್ಮನ ಕಥೆ ನಮಗೆ ಗೊತ್ತಾಗಿದ್ದೇ ಅದರಿಂದ.

ಎರಡನೇ ದಿನ ಸೊರಬ, ಆದ್ರೆ ಪೂರ್ತಿ ಟಾರ್ ಮೇಲೆ. ಗುಡವಿ ಪಕ್ಷಿಧಾಮಕ್ಕೆ ಹೋಗಿ. ನೀರೊಳಗೆ ನಿಂತ ಮರಗಳ ಮೇಲೆ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆ ಗೂಡು ಕಟ್ಟೋದು ಮಳೆಗಾಲದಲ್ಲೇ, ಡಿಸೆಂಬರ್‌ನಲ್ಲಿ ಬಂದ್ರೆ ಆ ಗದ್ದಲ ಸಿಗಲ್ಲ. ಸೈಕಲ್ ಗೇಟ್ ಹತ್ರ ಬಿಟ್ಟು ನಡೀರಿ. ಕಾಲಲ್ಲಿ ಶಕ್ತಿ ಉಳಿದಿದ್ರೆ ಮಾತ್ರ ಚಂದ್ರಗುತ್ತಿ. ಬುಡದವರೆಗೆ ರಸ್ತೆಯಲ್ಲಿ ಸೈಕಲ್, ಆಮೇಲೆ ರೇಣುಕಾಂಬೆ ದೇವಸ್ಥಾನಕ್ಕೆ ಮೆಟ್ಟಿಲು ಹತ್ತಿ. ಸುಮಾರು 850 ಮೀಟರ್ ಎತ್ತರದ ಆ ಗುಡ್ಡದ ಮೇಲೆ ಮಂಜು ಕವಿದಿದ್ರೆ ಕೋಟೆ ಕಡೆಗೆ ಹೋಗದೆ ಅಲ್ಲಿಂದಲೇ ಇಳೀರಿ.

ಹಿಂದಿನ ರಾತ್ರಿ ಎರಡು ಮಳೆ ಜೋರಾಗಿ ಹೊಡೆದಿದ್ರೆ? ಎರಡನೇ ದಿನವನ್ನೂ ಶಿಕಾರಿಪುರದ ಕಡೆಗೇ ತಿರುಗಿಸಿ, ಅಂಜನಾಪುರ ಜಲಾಶಯದವರೆಗೆ ಟಾರ್ ಮೇಲೆ ಹೋಗಿ ಬನ್ನಿ, ಗುಡವಿ ಅಕ್ಟೋಬರ್‌ಗೆ ಇಟ್ಕೊಳ್ಳಿ. ಹೋಗಿ ಬಂದ ಮೇಲೆ ಯಾವ ದಾರಿ ಹೇಗಿತ್ತು ಅಂತ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ.