ಹಿತ್ತಲಲ್ಲಿ ಸರಿಯುವ ಛಾವಣಿಯ ವೀಕ್ಷಣಾಲಯ
(ಮಾಧವನಗರದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ದೂರದರ್ಶಕವನ್ನು ದಿನಾಲು ಹೊರಗೆ ತಂದು ಹೊಂದಿಸುವಷ್ಟರಲ್ಲಿ ಮಕ್ಕಳಿಗೆ ನಿದ್ದೆ ಬಂದಿರುತ್ತದೆ. ಅದಕ್ಕೇ ಗಾಲಿಯ ಮೇಲೆ ತಗಡಿನ ಛಾವಣಿ ಸರಿಯುವ ಕೋಣೆ ಬೇಕು. ಗುಮ್ಮಟಕ್ಕಿಂತ ಸುಲಭ; ಊರಿನ ವೆಲ್ಡಿಂಗಿನವರೇ ಮಾಡಿಕೊಡಬಲ್ಲರು.

ಮೊದಲು ದಿಕ್ಕು ನೋಡಿರಿ. ನಮ್ಮಲ್ಲಿ ಧ್ರುವ ನಕ್ಷತ್ರ ಕ್ಷಿತಿಜದಿಂದ ಸುಮಾರು 17 ಅಂಶ ಮಾತ್ರ ಮೇಲಿದೆ. ಛಾವಣಿ ಉತ್ತರಕ್ಕೆ ಸರಿದರೆ ಅದು ಮರೆಯಾದೀತು, ದಕ್ಷಿಣಕ್ಕಾದರೆ ಅಗಸ್ತ್ಯ. ಪೂರ್ವಕ್ಕೆ ಸರಿಸಿರಿ, ಅಲ್ಲಿ ಮರೆಯಾದದ್ದು ತುಸು ಕಾದರೆ ತಾನೇ ಮೇಲೇರುತ್ತದೆ.

ದೂರದರ್ಶಕ ನಿಲ್ಲುವ ಕಾಂಕ್ರೀಟ್ ಕಂಬ ಕೋಣೆಯ ನೆಲಕ್ಕೆ ತಾಗಬಾರದು. ತಾಗಿದರೆ ಮಕ್ಕಳ ಓಡಾಟಕ್ಕೆ ಶನಿಯೂ ಕುಣಿಯುತ್ತಾನೆ! ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಗಟ್ಟಿ ಗರಸು ಸಿಗುವವರೆಗೆ ಅಗೆಯಿಸಿರಿ.

ಧ್ರುವ, ಅಗಸ್ತ್ಯ ಎಂಬ ಹೆಸರುಗಳು ಮರಾಠಿಯಲ್ಲೂ ಇವೇ. ನೆರೆಮನೆಯ ಮಕ್ಕಳನ್ನೂ ಕರೆಯಿರಿ. ಛಾವಣಿಯ ನಾಲ್ಕೂ ಮೂಲೆಗೆ ಕೊಂಡಿ ಮಾತ್ರ ಮರೆಯಬೇಡಿರಿ. ಮೇ ತಿಂಗಳ ಬಿರುಗಾಳಿಗೆ ತಗಡು ಹಾರಿದರೆ ಅನಾಹುತ.